ಕಾಸಿನ ಸರದ ಕಾಸುಗಳು

ನಿಕಾಹ್ ಮಜ್ಲಿಸಿನಲ್ಲಿ ಮಹ್ರ್ ಎಷ್ಟೆಂದು ನಾವು ಕೇಳಿದರೆ ಕರಾವಳಿಯ ಕಡೆ ಉತ್ತರ ಬರುವುದು ಪವನಿನ ಲೆಕ್ಕದಲ್ಲಿ. ಪವನ್ ಎಂದರೆ 8 ಗ್ರಾಂ. ಈ ಎಂಟು ಎಲ್ಲಿಂದ ಬಂತು? ಬ್ರಿಟಿಷರ ಸಾವರಿನ್ ನಾಣ್ಯದಿಂದ. 22 ಕ್ಯಾರೆಟಿನ ಆ ನಾಣ್ಯದ ತೂಕ 7.98 ಗ್ರಾಂ. 1918ರಲ್ಲಿ ಅದು ಮುಂಬಯಿಯಲ್ಲೂ ಅಚ್ಚಾಗಿತ್ತು. ಚಲಾವಣೆಯಿಂದ ನಾಣ್ಯ ಹೋಯಿತು, ತೂಕ ಮಾತ್ರ ನಮ್ಮ ಬಾಯಲ್ಲಿ ಉಳಿಯಿತು. ಕೆಲವು ಮನೆಗಳಲ್ಲಿ ನಾಣ್ಯವೂ ಉಳಿದಿದೆ, ಅಜ್ಜಿಯರ ಕಾಸಿನ ಸರದಲ್ಲಿ.

ನಾಣ್ಯವನ್ನು ಕೊರಳಿಗೆ ಹಾಕುವ ರೂಢಿ ಬ್ರಿಟಿಷರಿಗಿಂತ ಬಹಳ ಹಳೆಯದು. ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತಿದೆ ಎಂದು ಒಂದನೇ ಶತಮಾನದಲ್ಲೇ ರೋಮಿನ ಪ್ಲಿನಿ ಗೊಣಗಿದ್ದ. ಕರಿಮೆಣಸು, ಮುತ್ತು, ಬಟ್ಟೆಗೆ ಅವರು ಕೊಟ್ಟದ್ದು ಚಿನ್ನ, ಬೆಳ್ಳಿ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಎಷ್ಟೋ ನಾಣ್ಯಗಳಿಗೆ ತೂತು ಕೊರೆದಿದೆ, ಕೆಲವಕ್ಕೆ ಕೊಂಡಿ ಬೆಸೆದಿದೆ. ದಖ್ಖನಿನ ಉತ್ಖನನಗಳಲ್ಲಿ ಅದೇ ನಾಣ್ಯಗಳ ಅಚ್ಚೊತ್ತಿ ಸುಟ್ಟ ಮಣ್ಣಿನ ಪದಕಗಳೂ ಸಿಕ್ಕಿವೆ. ಚಿನ್ನಕ್ಕೆ ಕೈ ಎಟುಕದವರ ಆಸೆಯೂ ಇದ್ದಿರಬೇಕು.

ಆಮೇಲೆ ಬಂದದ್ದು ವೆನಿಸಿನ ದುಕಾತ್. 1284ರಿಂದ ಅಚ್ಚಾದ ಈ ನಾಣ್ಯ ಸುಮಾರು ಮೂರೂವರೆ ಗ್ರಾಮಿನ, ಹೆಚ್ಚುಕಡಿಮೆ ಶುದ್ಧ ಚಿನ್ನ. ಸಂತ ಮಾರ್ಕನ ಮುಂದೆ ವೆನಿಸಿನ ದೊರೆ ಮಂಡಿಯೂರಿ ಧ್ವಜದ ಕೋಲು ಹಿಡಿದ ಚಿತ್ರ ಅದರ ಮೇಲಿತ್ತು. ದಕ್ಷಿಣದ ಜನರಿಗೆ ಅದು ಮರ ಹತ್ತಿ ಶೇಂದಿ ಇಳಿಸುವವನಂತೆ ಕಂಡಿತು, ಅದಕ್ಕೆ ಹೆಸರೂ ಹಾಗೆಯೇ ಬಿತ್ತು! ಕೇರಳದಲ್ಲಿ ಇದನ್ನೇ ಆಮಾಡ ಎಂದು ಕರೆದು ಸರ ಮಾಡಿದರು.

ನಮ್ಮ ಮೈಸೂರಿನಲ್ಲಿ ಹೈದರಾಲಿ ವರಾಹ ಅಚ್ಚು ಹಾಕಿಸಿದಾಗ ಒಂದು ಮಗ್ಗುಲಲ್ಲಿ ಇಕ್ಕೇರಿ ವರಾಹದ ಶಿವ ಪಾರ್ವತಿಯರನ್ನು ಹಾಗೆಯೇ ಬಿಟ್ಟರು, ಇನ್ನೊಂದರಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಒಂದನ್ನೇ ಒತ್ತಿಸಿದರು. ಜನ ನಂಬಿದ ನಾಣ್ಯವನ್ನು ಕೆಡಿಸುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಅವರಿಗೆ ತಿಳಿದಿತ್ತೆಂದು ನಮ್ಮ ಅನಿಸಿಕೆ. ಟಿಪ್ಪು ಸುಲ್ತಾನರ ಅಹ್ಮದಿ, ಫಾರೂಕಿಗಳಲ್ಲಿ ಬರಹ ಬಂತು.

ಕಾಸಿನ ಸರದ ಜಾಣತನ ಅದರ ಕೊಂಡಿಯಲ್ಲಿದೆ. ಕೊಂಡಿ ಬೆಸೆದ ನಾಣ್ಯಗಳನ್ನು ಬೇಕಾದಾಗ ಒಂದೊಂದಾಗಿ ಕಳಚಬಹುದು. ಸರವೆಂದರೆ ಹೆಣ್ಣಿನ ಸ್ವಂತ ಗಂಟು. ಇಂದು ಅಂಗಡಿಯಲ್ಲಿ ಸಿಗುವ ಕಾಸು ಹೆಚ್ಚಾಗಿ ತೆಳು ತಗಡು, ಒಂದನ್ನು ಬಿಡಿಸಿದರೆ ಕೈಗೆ ಬರುವುದು ಅಷ್ಟಕ್ಕಷ್ಟೆ.

ನಮ್ಮ ಮೊಹಲ್ಲಾದ ಒಬ್ಬ ಹಿರಿಯ ತಾಯಿ ಝಕಾತಿನ ಲೆಕ್ಕ ಕೇಳಲು ತಮ್ಮ ಸರ ತಂದಿದ್ದರು. 21 ಕೊಂಡಿ, 14 ಕಾಸು. ಒಂದು ಮಗನ ಕಾಲೇಜಿಗೆ, ಎರಡು ಮಾಡಿಗೆ, ಎರಡು ಮಗಳ ಬಾಣಂತನಕ್ಕೆ ಎಂದು ಬೆರಳು ಮಡಚಿ ಹೇಳಿದರು. ಉಳಿದೆರಡು? "ಅವು ನನ್ನನ್ನು ಕೇಳದೆ ಹೋದವು" ಎಂದು ಸರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. ಅಂದಿನಿಂದ ನಿಕಾಹ್ ದಫ್ತರಿನಲ್ಲಿ ಮಹ್ರಿನ ತೂಕದ ಜೊತೆ, ಅದು ಯಾರ ಕೈಗೆ ಸಂದಿತು ಎಂಬುದನ್ನೂ ನಾವು ಬರೆಸುತ್ತಿದ್ದೇವೆ.