ದೇವರ ಎತ್ತು ಏನು ತಿನ್ನುತ್ತಿತ್ತು?

ಬರಗಾಲದ ವರದಿಗಳಲ್ಲಿ ಮೇವು ಟನ್ನಿನ ಲೆಕ್ಕದಲ್ಲಿ ಬರುತ್ತದೆ. ಇಷ್ಟು ದನ, ಇಷ್ಟು ಮೇವು, ಇಷ್ಟು ವಾರಕ್ಕೆ ಸಾಕು. ಯಾವ ಮೇವು ಎಂದು ಯಾರೂ ಕೇಳುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಪಶುಪಾಲಕರ ಚರಿತ್ರೆ ಓದಲು ಹೊರಟ ನನಗೆ ಆ ಪ್ರಶ್ನೆಯೇ ದೊಡ್ಡದಾಗಿ ಕಾಣತೊಡಗಿತು.

ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆಗಳಲ್ಲೊಂದು. ಹಲವು ಹಟ್ಟಿಗಳ ನ್ಯಾಯ, ಆಚಾರಗಳನ್ನು ಒಂದೆಡೆ ಹಿಡಿದಿಡುವ ಕೇಂದ್ರವೇ ಕಟ್ಟೆಮನೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಈ ಸಮುದಾಯ ದೇವರ ಹೆಸರಿಗೆ ಬಿಟ್ಟ ದನಗಳ ಹಿಂಡುಗಳನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿದೆ. ದೇವರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಿಂಡಿನ ಹೊಣೆ ಕಿಲಾರಿಯದು. ದನ ಎಲ್ಲಿ ಮೇಯುತ್ತದೋ ಅಲ್ಲೇ ಅವನ ಬದುಕು.

ಈ ಸೀಮೆಯಲ್ಲಿ ಮಳೆ ಕಡಿಮೆ, ವರ್ಷಕ್ಕೆ 500 ಮಿ.ಮೀ. ಆಸುಪಾಸು. ಇಂಥ ನೆಲದಲ್ಲಿ ಯಾವ ಒಂದು ಹುಲ್ಲೂ ವರ್ಷವಿಡೀ ಹಿಂಡನ್ನು ಸಾಕಲಾರದು. ಮುಂಗಾರಿನ ನಂತರ ಕಾವಲಿನ ಎಳೆಹುಲ್ಲು, ಸುಗ್ಗಿ ಮುಗಿದ ಮೇಲೆ ಹೊಲದ ಕೂಳೆ, ಶೇಂಗಾ ಬಳ್ಳಿ, ಹುರುಳಿ ಹೊಟ್ಟು, ಬೇಸಿಗೆಯಲ್ಲಿ ಮರದ ಸೊಪ್ಪು, ಉದುರಿದ ಜಾಲಿಕಾಯಿ. ಹೀಗೆ ಋತು ಬದಲಾದಂತೆ ಮೇವೂ ಬದಲಾಗಬೇಕು. ಮನೆಯಲ್ಲಿ ಸಾಕಿದ ಪ್ರಾಣಿಗೆ ನಾವು ಬಗೆಬಗೆಯ ಆಹಾರ ತಂದು ಹಾಕುತ್ತೇವೆ. ಕಿಲಾರಿ ಪ್ರಾಣಿಯನ್ನೇ ಆಹಾರದ ಬಳಿಗೆ ನಡೆಸುತ್ತಾನೆ.

ಈ ತಿಳಿವಳಿಕೆ ಹಟ್ಟಿಗಳಲ್ಲಷ್ಟೇ ಇರಲಿಲ್ಲ, ಅರಮನೆಗೂ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತ ಮಹಲ್ ಆಯಿತು. ಸೈನ್ಯದ ಬಂಡಿ ಎಳೆಯುವ ಎತ್ತುಗಳಿಗಾಗಿ ಅದು ಕಾವಲುಗಳನ್ನು ಕಾದಿರಿಸಿಕೊಂಡಿತ್ತು. ನೀರು, ಹುಲ್ಲಿನ ಅನುಕೂಲ ನೋಡಿ ಅವುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳೆಂದು ವಿಂಗಡಿಸಿ, ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡುಗಳು ಬ್ರಿಟಿಷರ ಕೈಸೇರಿದವು. 1860ರಲ್ಲಿ ಅವರು ಖರ್ಚಿನ ನೆಪದಲ್ಲಿ ಹಿಂಡುಗಳನ್ನು ಮಾರಿದರು. ಒಳ್ಳೆಯ ಎತ್ತು ಸಿಗದಾದಾಗ 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

ಅಮೃತ ಮಹಲ್ ದನ ರಾಜ್ಯದ ಆಸ್ತಿ, ದೇವರ ಎತ್ತು ಹಟ್ಟಿಯ ಹರಕೆ. ಎರಡೂ ನಿಂತದ್ದು ಮಾತ್ರ ಒಂದೇ ತತ್ವದ ಮೇಲೆ: ಮೇವಿನ ವೈವಿಧ್ಯ ಇರುವುದು ಗೋದಲಿಯಲ್ಲಲ್ಲ, ಭೂಮಿಯ ಹರವಿನಲ್ಲಿ.

ಆ ಹರವು ಈಗ ಕಿರಿದಾಗಿದೆ. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಭೂಮಿ ಸಿಕ್ಕಿತು. ಬೇಲಿ, ಗೋಡೆಗಳು ಎದ್ದವು. ಕುರಿಗಾಹಿಗಳು, ದನಗಾಹಿಗಳು ಪ್ರತಿಭಟಿಸಿದರು, ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಕಾಗದದಲ್ಲಿ ಹೋದದ್ದು ಎಕರೆ. ಹಿಂಡಿನ ಕಡೆಯಿಂದ ನೋಡಿದರೆ ಹೋದದ್ದು ಒಂದು ಋತುವಿನ ಊಟ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಬರ ಬಂದಾಗಲೆಲ್ಲ ದೇವರ ಎತ್ತುಗಳಿಗೆ ಮೇವು ಕೊಡಿ ಎಂಬ ಕೂಗು ಏಳುತ್ತದೆ. ಸರ್ಕಾರ ಗೋಶಾಲೆ ತೆರೆಯುತ್ತದೆ, ಭಕ್ತರು ಲೋಡುಗಟ್ಟಲೆ ಮೇವು ತರುತ್ತಾರೆ. ಆ ಕರುಣೆ ದೊಡ್ಡದು, ಅದರಿಂದ ಜೀವ ಉಳಿದಿದೆ. ಆದರೆ ಬರಿಯ ಒಣ ಭತ್ತದ ಹುಲ್ಲು ಹೊಟ್ಟೆ ತುಂಬಿಸೀತೇ ಹೊರತು ಮೈ ಹಿಡಿಸದು. ಅದರಲ್ಲಿ ಪ್ರೋಟೀನು ತೀರ ಕಡಿಮೆ. ದನದ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಬಳ್ಳಿ, ಹೊಟ್ಟು, ಸೊಪ್ಪು, ಕಾಯಿಗಳಿಂದ ಸಿಗುತ್ತಿದ್ದದ್ದು ಅದೇ.

ನಮ್ಮ ಚರಿತ್ರೆ ಪಾಳೆಯಗಾರರ ಕೋಟೆಗಳನ್ನು ಎಣಿಸಿದೆ, ಕಾವಲಿನ ಎಕರೆಗಳನ್ನು ಎಣಿಸಿದೆ. ಯಾವ ತಿಂಗಳಲ್ಲಿ ಯಾವ ಗುಡ್ಡದ ಮಗ್ಗುಲಿನ ಹುಲ್ಲು ರುಚಿ, ಯಾವ ಸೊಪ್ಪು ಎಷ್ಟು ತಿಂದರೆ ಹೊಟ್ಟೆಯುಬ್ಬರ ಎಂಬ ಕಿಲಾರಿಯ ಲೆಕ್ಕವೂ ದಾಖಲೆಯೇ. ಅದು ಇರುವುದು ನಡಿಗೆಯಲ್ಲಿ. ನಡೆಯಲು ನೆಲವಿಲ್ಲದ ಮೇಲೆ ಅದನ್ನು ಓದುವುದು ಹೇಗೆ?