ವಾಲ್ ಸೆಕ್ಷನ್: ಪದರ ಕಲಿತ ಸಾಫ್ಟ್‌ವೇರ್, ಕಲಿಯದ ಸಂದು

ಮನೆ ಕಟ್ಟಿಸುವವರಿಗೆ ಪ್ಲಾನ್ ಅರ್ಥವಾಗುತ್ತದೆ, ಎಲಿವೇಶನ್ ಇಷ್ಟವಾಗುತ್ತದೆ. ವಾಲ್ ಸೆಕ್ಷನ್ ಕೊಡಿ ಎಂದು ಕೇಳುವವರು ಅಪರೂಪ. ಹೊರಗೋಡೆಯನ್ನು ಪಾಯದಿಂದ ಪ್ಯಾರಪೆಟ್‌ವರೆಗೆ ನೆಟ್ಟಗೆ ಸೀಳಿದರೆ ಪ್ಲಿಂತ್, ಕಿಟಕಿಯ ಸಿಲ್, ಲಿಂಟಲ್, ಸಜ್ಜೆ, ಮೋಲ್ಡ್ ಒಂದರ ಮೇಲೊಂದು ಹೇಗೆ ಕೂತಿವೆ ಎಂಬುದನ್ನು ತೋರಿಸುವ ನಕ್ಷೆ ಇದು. ಮಳೆನೀರು ಹೊರಗೇ ಉಳಿಯುತ್ತದೋ ಒಳಗಿನ ಬಣ್ಣ ಎಬ್ಬಿಸುತ್ತದೋ ಎಂಬುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಇದನ್ನು ಬಿಡಿಸುವ ಸಲಕರಣೆ ಕಳೆದ ಅರವತ್ತು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. ಆ ಬದಲಾವಣೆಯನ್ನು ಬರೀ ಪ್ರಗತಿಯ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಕಾಣುವುದು ಬೇರೆ: ಸಾಫ್ಟ್‌ವೇರ್ ಗೋಡೆಯ ಪದರಗಳನ್ನು ಚೆನ್ನಾಗಿ ಕಲಿತಿದೆ, ಸಂದುಗಳನ್ನು ಕಲಿತಿಲ್ಲ. ನಮ್ಮ ಕಡೆಯ ಗೋಡೆಗಳು ಕೆಡುವುದು ಸಂದುಗಳಲ್ಲಿ.

ಕಟ್ಟಡವನ್ನು ಕತ್ತರಿಸಿ ತೋರಿಸಬೇಕೆಂಬ ಬೇಡಿಕೆ ಹಳೆಯದು. 1519ರ ಸುಮಾರಿಗೆ ಕಲಾವಿದ ರಾಫೆಲ್ ಪೋಪ್ ಹತ್ತನೆಯ ಲಿಯೋಗೆ ಬರೆದ ಪತ್ರದಲ್ಲಿ ಪ್ಲಾನ್ ಮತ್ತು ಹೊರಗೋಡೆಯ ನೋಟದ ಜೊತೆಗೆ ಒಳಗೋಡೆಯ ನೋಟವೂ ಬೇಕೆಂದಿದ್ದ. ಆದರೆ ಗೋಡೆಯ ದಪ್ಪದೊಳಗೆ ಏನಿದೆ ಎಂದು ವಿವರವಾಗಿ ಬಿಡಿಸುವ ಅಗತ್ಯ ಬಲವಾದದ್ದು ಉಕ್ಕಿನ ಚೌಕಟ್ಟು, ಕ್ಯಾವಿಟಿ ಗೋಡೆ, ಶಾಖನಿರೋಧಕ ಹಲಗೆಗಳು ಬಂದ ಮೇಲೆ. 1932ರಲ್ಲಿ ರ‍್ಯಾಮ್ಸೆ ಮತ್ತು ಸ್ಲೀಪರ್ ಹೊರತಂದ ಅಮೆರಿಕದ ‘ಆರ್ಕಿಟೆಕ್ಚರಲ್ ಗ್ರಾಫಿಕ್ ಸ್ಟ್ಯಾಂಡರ್ಡ್ಸ್’ ಇಂಥ ಡೀಟೇಲ್‌ಗಳ ಕೈಪಿಡಿಯಾಗಿ ತಲೆಮಾರುಗಳ ಕಾಲ ಡ್ರಾಯಿಂಗ್ ಬೋರ್ಡಿನ ಪಕ್ಕದಲ್ಲಿತ್ತು. ಕೈಯಲ್ಲಿ ಬಿಡಿಸುವಾಗ ಅಳತೆಯೇ ಒಂದು ಶಿಸ್ತಾಗಿತ್ತು. ಒಳಗೋಡೆಯ 12 ಮಿ.ಮೀ. ಪ್ಲಾಸ್ಟರ್ 1:100ರ ನಕ್ಷೆಯಲ್ಲಿ 0.12 ಮಿ.ಮೀ. ಆಗುತ್ತದೆ, 0.18ರ ಪೆನ್ನಿನ ಗೆರೆಯೇ ಅದಕ್ಕಿಂತ ದಪ್ಪ. ಹಾಗಾಗಿ ಅಲ್ಲಿ ಪ್ಲಾಸ್ಟರ್ ತೋರಿಸುವ ಪ್ರಶ್ನೆಯೇ ಇರಲಿಲ್ಲ. 1:20ಕ್ಕೆ ಬಂದರೆ ಅದೇ ಪ್ಲಾಸ್ಟರ್ 0.6 ಮಿ.ಮೀ., 1:5ರಲ್ಲಿ 2.4 ಮಿ.ಮೀ. ಯಾವ ಅಳತೆಯಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತೋರಿಸಲೇಬೇಕು ಎಂದು ಗೆರೆ ಎಳೆಯುವ ಮುನ್ನವೇ ಯೋಚಿಸಬೇಕಿತ್ತು. ತಪ್ಪಿದರೆ ಟ್ರೇಸಿಂಗ್ ಹಾಳೆಯ ಮೇಲಿನ ಇಂಕನ್ನು ಬ್ಲೇಡಿನಲ್ಲಿ ಕೆರೆಯಬೇಕಿತ್ತು.

1963ರಲ್ಲಿ ಇವಾನ್ ಸದರ್ಲೆಂಡ್ ಎಂಐಟಿಯಲ್ಲಿ ಸ್ಕೆಚ್‌ಪ್ಯಾಡ್ ಎಂಬ ನಕ್ಷೆ ಬಿಡಿಸುವ ಪ್ರೋಗ್ರಾಮ್ ತೋರಿಸಿದಾಗ, ಎರಡು ಗೆರೆಗಳು ಸಮಾನಾಂತರವಾಗಿಯೇ ಇರಲಿ ಎಂದು ಯಂತ್ರಕ್ಕೆ ಹೇಳಿಟ್ಟರೆ ಅದು ಪಾಲಿಸುತ್ತಿತ್ತು. ಆ ದೊಡ್ಡ ಕಲ್ಪನೆ ಕಟ್ಟಡ ನಕ್ಷೆಗಳಿಗೆ ಇಳಿಯಲು ಹಲವು ದಶಕ ಹಿಡಿಯಿತು. ಅದಕ್ಕಿಂತ ಮೊದಲು ಬಂದದ್ದು ಸರಳವಾದ ಸರಕು. 1982ರ ಆಟೋಕ್ಯಾಡ್ ಡ್ರಾಯಿಂಗ್ ಬೋರ್ಡನ್ನೇ ಪರದೆಗೆ ತಂದಿತು. ಲೇಯರ್, ಹ್ಯಾಚ್, ಬ್ಲಾಕ್ ಎಲ್ಲ ಹಳೆಯ ಅಭ್ಯಾಸಗಳ ವೇಗದ ರೂಪ. ಇದರ ಜೊತೆ ಸದ್ದಿಲ್ಲದೆ ಒಂದು ಬದಲಾವಣೆಯೂ ಆಯಿತು. ಪರದೆಯ ಮೇಲೆ ಎಲ್ಲವನ್ನೂ ನಿಜ ಗಾತ್ರದಲ್ಲೇ ಬಿಡಿಸುತ್ತಾರೆ, ಅಳತೆ ಆಮೇಲಿನ ಮಾತು. 1990ರಲ್ಲಿ ಪೇಪರ್ ಸ್ಪೇಸ್ ಬಂದ ಮೇಲಂತೂ ಅದು ಪ್ರಿಂಟ್ ಹಾಕುವಾಗಿನ ವಿಷಯವಾಯಿತು. ಝೂಮ್ ಮಾಡಿದರೆ ಎಲ್ಲವೂ ಕಾಣುವುದರಿಂದ ಏನನ್ನು ಬಿಡಬೇಕೆಂಬ ಯೋಚನೆ ಹಿಂದೆ ಸರಿಯಿತು. ಕಾಪಿ ಮಾಡುವುದೂ ಸಲೀಸಾಯಿತು. 230 ಮಿ.ಮೀ. ಇಟ್ಟಿಗೆ ಗೋಡೆಗೆಂದು ಬಿಡಿಸಿದ ಸಿಲ್ ಡೀಟೇಲ್ 200 ಮಿ.ಮೀ. ಸಾಲಿಡ್ ಬ್ಲಾಕ್ ಗೋಡೆಯ ನಕ್ಷೆಗೆ ಹಾಗೇ ಅಂಟಿಕೊಳ್ಳುವುದು ಈ ಸಲೀಸಿನ ಫಲ. ಸೈಟಿನಲ್ಲಿ ಮೇಸ್ತ್ರಿ ಅದನ್ನು ನೋಡಿ, ಅಳತೆ ಕೂಡುವುದಿಲ್ಲವೆಂದು ಪಕ್ಕಕ್ಕಿಟ್ಟು ತನಗೆ ತಿಳಿದಂತೆ ಕಟ್ಟುತ್ತಾನೆ. ಅವನನ್ನು ದೂರಲಾಗದು.

ಮೂರನೆಯ ಘಟ್ಟದ ಬೀಜ 1975ರಲ್ಲೇ ಇತ್ತು. ಚಾರ್ಲ್ಸ್ ಈಸ್ಟ್‌ಮನ್ ನಕ್ಷೆಗಳ ಬದಲು ಕಟ್ಟಡದ್ದೇ ಒಂದು ಮಾಹಿತಿ ಕೋಶ ಇರಲಿ, ನಕ್ಷೆಗಳು ಅದರಿಂದ ಹೊರಬರಲಿ ಎಂದು ವಾದಿಸಿದರು. ಹಂಗೇರಿಯ ಗ್ರಾಫಿಸಾಫ್ಟ್ ಆರ್ಕಿಕ್ಯಾಡನ್ನು 1980ರ ದಶಕದಲ್ಲೇ ಬೆಳೆಸಿತು. 2000ದಲ್ಲಿ ಬಂದ ರೆವಿಟ್ ಅನ್ನು ಆಟೋಡೆಸ್ಕ್ 2002ರಲ್ಲಿ 13.3 ಕೋಟಿ ಡಾಲರಿಗೆ ಕೊಂಡ ಮೇಲೆ ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಎಂಬ ಹೆಸರು ಎಲ್ಲ ಆಫೀಸುಗಳಿಗೂ ಹೋಯಿತು. ರೆವಿಟ್‌ನಲ್ಲಿ ಗೋಡೆಯೆಂದರೆ ಪದರಗಳ ಪಟ್ಟಿ: ಹೊರಗಿನ ಫಿನಿಶ್, ಸ್ಟ್ರಕ್ಚರ್, ಶಾಖ ಅಥವಾ ಗಾಳಿಯ ಪದರ, ಒಳಗಿನ ಫಿನಿಶ್. ಪ್ರತಿಯೊಂದಕ್ಕೂ ದಪ್ಪ, ಸಾಮಗ್ರಿ, ಆದ್ಯತೆಯ ಸಂಖ್ಯೆ. ಮೆಂಬ್ರೇನ್ ಪದರದ ದಪ್ಪ ಮಾತ್ರ ಸೊನ್ನೆ! ಲೆಕ್ಕಕ್ಕೆ ಅದು ಸರಿಯೇ. ಆದರೆ ತೇವ ತಡೆಯುವ ಹಾಳೆ ಗೋಡೆಯ ಅಂಚಿನಲ್ಲಿ ಎಲ್ಲಿ ಮಡಚಿಕೊಳ್ಳುತ್ತದೆ, ಎಷ್ಟು ಮೇಲೇರುತ್ತದೆ, ಯಾವ ಸಂದಿಗೆ ಸೇರುತ್ತದೆ ಎಂಬುದು ಆ ಪಟ್ಟಿಯಲ್ಲಿ ಹಿಡಿಯುವುದಿಲ್ಲ. ಮಾಡೆಲನ್ನು ಕತ್ತರಿಸಿದರೆ ಒಂದು ಒರಟು ಸೆಕ್ಷನ್ ಸಿಗುತ್ತದೆ. ಅದರ ಮೇಲೆ ಡೀಟೇಲ್ ಲೈನ್, ಫಿಲ್ಡ್ ರೀಜನ್, ಟಿಪ್ಪಣಿ ಹಾಕಿ ಮತ್ತೆ ಎರಡು ಆಯಾಮದಲ್ಲೇ ಬಿಡಿಸಬೇಕು. ಮಾಡೆಲ್ ಬದಲಾದಾಗ ಆ ಗೆರೆಗಳು ಸದಾ ಜೊತೆಯಲ್ಲಿ ಬರುತ್ತವೆಂಬ ಭರವಸೆಯಿಲ್ಲ.

ಗೋಡೆಯನ್ನು ಪದರಗಳ ಅಡುಕಾಗಿ ನೋಡುವ ದೃಷ್ಟಿ ಚಳಿ ದೇಶಗಳಿಗೆ ಸಹಜ. ಅಲ್ಲಿ ಮರದ ಚೌಕಟ್ಟು, ನಿರೋಧಕ, ಆವಿ ತಡೆ, ಗಾಳಿಯ ಸಂದು, ಹೊರಹೊದಿಕೆ ಎಂದು ಐದಾರು ಪದರ ಸಾಮಾನ್ಯ. ನಮ್ಮ ಊರುಗಳ ಸಾಧಾರಣ ಗೋಡೆ ಎರಡು ಬದಿ ಪ್ಲಾಸ್ಟರ್, ನಡುವೆ ಇಟ್ಟಿಗೆ ಅಥವಾ ಬ್ಲಾಕ್, ಅಷ್ಟೇ. ತೊಡಕಿರುವುದು ಬೇರೆಡೆ: ಸಜ್ಜೆಯ ಅಡಿ ಅಂಚಿನಲ್ಲಿ ಡ್ರಿಪ್ ಗ್ರೂವ್ ಇಲ್ಲದಿದ್ದರೆ ನೀರು ಅಡಿಮೈ ಹಿಡಿದು ಗೋಡೆಗೆ ಹರಿಯುತ್ತದೆ, ಸಿಲ್‌ಗೆ ಹೊರಮುಖವಾದ ಇಳಿಜಾರು ಇಲ್ಲದಿದ್ದರೆ ಕಿಟಕಿ ಚೌಕಟ್ಟಿನ ಕೆಳಗೆ ನೀರು ನಿಲ್ಲುತ್ತದೆ. ಆರ್ಕಿಟೆಕ್ಟ್ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ರ‍್ಯಾಟ್ ಟ್ರ್ಯಾಪ್ ಬಾಂಡನ್ನೇ ನೋಡಿ. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು, ಅಡ್ಡ ಇಟ್ಟಿಗೆಗಳಿಂದ ಎರಡು ಮುಖಗಳನ್ನು ಹೊಲಿದ ಕಟ್ಟು ಅದು. ಪದರಗಳಾಗಿ ತುಂಬಿದರೆ ಸಾಫ್ಟ್‌ವೇರ್‌ಗೆ ಅದು ಎರಡು ಬಿಡಿ ಗೋಡೆಗಳ ನಡುವಿನ ಗಾಳಿ ಮಾತ್ರ. ಭಾರ ಇಳಿಯುವ ದಾರಿಯೂ, ಅಡ್ಡ ಇಟ್ಟಿಗೆಯ ಮೂಲಕ ಬಿಸಿ ಸಾಗುವ ದಾರಿಯೂ ತಪ್ಪಾಗಿ ದಾಖಲಾಗುತ್ತವೆ.

ಇದಕ್ಕೆ ತಕರಾರುಗಳಿವೆ. ಒಂದು, ಪದರಗಳ ಲೆಕ್ಕ ನಮಗೂ ಬೇಕು ಎಂಬುದು. ಒಪ್ಪುತ್ತೇನೆ. 2018ರ ಇಕೊ ನಿವಾಸ್ ಸಂಹಿತಾ ಎಂಬ ಇಂಧನ ಉಳಿತಾಯದ ಸಂಹಿತೆ ವಸತಿ ಕಟ್ಟಡದ, ಛಾವಣಿ ಬಿಟ್ಟು ಉಳಿದ ಹೊರಮೈ ಮೂಲಕ ಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್‌ನ ಮಿತಿ ಇಟ್ಟಿದೆ. ಅದನ್ನು ಲೆಕ್ಕಹಾಕಲು ಪದರಗಳ ಮಾಡೆಲ್ ನಿಜಕ್ಕೂ ಅನುಕೂಲ. ಆದರೆ ಮಳೆನೀರು ಆ ಲೆಕ್ಕದೊಳಗೆ ಬರುವುದಿಲ್ಲ. ಎರಡನೆಯದು, ಮಾಡೆಲನ್ನೇ ಇನ್ನಷ್ಟು ಸೂಕ್ಷ್ಮವಾಗಿ ಕಟ್ಟಬಹುದಲ್ಲ ಎಂಬುದು. ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ 2008ರಲ್ಲಿ ವಿವರದ ಮಟ್ಟಗಳನ್ನು 100ರಿಂದ 500ರವರೆಗೆ ಗುರುತಿಸಿತು. 400ರ ಮಟ್ಟದಲ್ಲಿ ತಯಾರಿಕೆಗೆ ಬೇಕಾದ ವಿವರವೂ ಇರುತ್ತದೆ. ವಿಮಾನ ನಿಲ್ದಾಣಕ್ಕೆ ಅದು ಸರಿ. 30×40 ಅಡಿ ಸೈಟಿನ ಮನೆಗೆ ಪ್ರತಿ ಡ್ರಿಪ್ ಗ್ರೂವನ್ನೂ ಮೂರು ಆಯಾಮದಲ್ಲಿ ಕೆತ್ತುವ ಸಂಬಳ ಯಾರೂ ಕೊಡುವುದಿಲ್ಲ, ಕೊಡಬೇಕಾದ ಅಗತ್ಯವೂ ಇಲ್ಲ. ಒಂದು ಹಾಳೆಯ 1:10 ಡೀಟೇಲ್ ಅದೇ ಕೆಲಸ ಮಾಡುತ್ತದೆ. ಮೇಸ್ತ್ರಿಗೆ ಎಲ್ಲ ಗೊತ್ತಿರುತ್ತದೆ, ಬಿಡಿಸುವುದೇಕೆ ಎನ್ನುವ ಮೂರನೆಯ ಮಾತು ಹೆಚ್ಚು ಗಟ್ಟಿ. ಜೇಡಿಮಣ್ಣಿನ ಗೋಡೆಗೂ ಮುರಕಲ್ಲಿನ ಗೋಡೆಗೂ ಅದು ನಿಜವಾಗಿತ್ತು, ಏಕೆಂದರೆ ಕಟ್ಟುವವನೂ ಸಾಮಗ್ರಿಯೂ ಒಂದೇ ಊರಿನವು. ಇವತ್ತು ಎಎಸಿ ಬ್ಲಾಕ್, ಯುಪಿವಿಸಿ ಕಿಟಕಿ, ಹೊರಗಿನ ಗ್ರಾನೈಟ್ ಹೊದಿಕೆ ಒಂದೇ ಗೋಡೆಯಲ್ಲಿ ಕೂಡುತ್ತವೆ. ಮೂವರು ಕಂತ್ರಾಟುದಾರರು ಮೂರು ಬೇರೆ ವಾರ ಬರುತ್ತಾರೆ. ಅವರ ನಡುವಿನ ಸಂದಿಗೆ ಜವಾಬ್ದಾರ ಯಾರೆಂದು ಹೇಳುವ ಕಾಗದ ವಾಲ್ ಸೆಕ್ಷನ್ ಒಂದೇ.

ಪ್ಲಾನ್ ಮಂಜೂರಾತಿಗೆ ಕೊಡುವ ಸೆಕ್ಷನ್ ಸಾಮಾನ್ಯವಾಗಿ 1:100ರದು. ಅದರಲ್ಲಿ ಈ ಯಾವ ಸಂದೂ ಕಾಣುವುದಿಲ್ಲ. ಆದ್ದರಿಂದ ಮನೆ ಕಟ್ಟಿಸುವವರು ಮುಂದಿನ ಕಂತು ಕೊಡುವ ಮುನ್ನ 1:20ರ ವಾಲ್ ಸೆಕ್ಷನ್ ಒಂದನ್ನು, ಪ್ಲಿಂತ್, ಸಿಲ್, ಸಜ್ಜೆ ಮತ್ತು ಪ್ಯಾರಪೆಟ್‌ಗಳ 1:10ರ ಡೀಟೇಲ್‌ಗಳ ಸಮೇತ ಕೇಳಿ ಪಡೆಯಿರಿ. ಅದು ಯಾವ ಸಾಫ್ಟ್‌ವೇರ್‌ನಿಂದ ಬಂತೆಂದು ವಿಚಾರಿಸಬೇಕಾಗಿಲ್ಲ. ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಲು ಹೇಳಿ.