ಹಳೇ ಬ್ಯಾಟ್ರಿಗೆ ಹೊಸ ಬಲ್ಬು
ಪರಶುರಾಂಪುರದ ಕಡೆ ರಾತ್ರಿ ಕರೆಂಟ್ ಬಂದಾಗ ಮೋಟಾರ್ ಹಾಕಲು ಹೊಲಕ್ಕೆ ಹೋಗುವವರಿಗೆ ಹಾವು ಕಾಣಿಸುವುದು ಬ್ಯಾಟ್ರಿ ಬೆಳಕಿನಲ್ಲೇ.

ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಟಾರ್ಚಿಗೆ ಪೇಟೆಂಟ್ ಪಡೆದದ್ದು 1899ರಲ್ಲಿ. ಆಮೇಲೆ ಸುಮಾರು ನೂರು ವರ್ಷ ತಂತಿ ಬಲ್ಬಿನದೇ ಕಾಲ. ಸೆಲ್ಲಿನ ಶಕ್ತಿಯ ಬಹುಪಾಲು ಬಿಸಿಯಾಗಿ ಹೋಗುತ್ತಿತ್ತು. 1990ರ ದಶಕದಲ್ಲಿ ಪ್ರಖರ ನೀಲಿ ಎಲ್‌ಇಡಿ ಬಂದು, ಅದರಿಂದ ಬಿಳಿ ಬೆಳಕು ಸಾಧ್ಯವಾಯಿತು. ಅದಕ್ಕೆ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಸಿಕ್ಕಿತು.

ಹಳೇ ಬ್ಯಾಟ್ರಿಗೂ ಎಲ್‌ಇಡಿ ಬಲ್ಬು ಹಾಕಬಹುದು. ಆದರೆ ನೋಡಿ ಕೊಳ್ಳಿ. ಎರಡು ಸೆಲ್ಲು ಸೇರಿದರೆ 3 ವೋಲ್ಟ್. ಬಿಳಿ ಎಲ್‌ಇಡಿಗೂ ಸುಮಾರು ಅಷ್ಟೇ ಬೇಕು. ಸೆಲ್ಲು ಇಳಿದರೆ ಸಾದಾ ಎಲ್‌ಇಡಿ ಬೇಗ ಮಂಕಾಗುತ್ತದೆ. ವೋಲ್ಟ್ ಏರಿಸುವ ಸರ್ಕ್ಯೂಟ್ ಇರುವ ಬಲ್ಬು ಇನ್ನಷ್ಟು ಹೊತ್ತು ಬೆಳಗುತ್ತದೆ. ಸೆಲ್ಲು ತಿರುಗಿಸಿ ಹಾಕಿದರೂ ತಂತಿ ಬಲ್ಬು ಉರಿಯುತ್ತಿತ್ತು; ಸಾದಾ ಎಲ್‌ಇಡಿ ಉರಿಯದು.